ಪ್ಯಾಚ್ ಹಾಕಿದ ಮೇಲೆ ಸ್ಕ್ರೀನ್ ಕೆಟ್ಟಿದೆಯೇ? ಮೊದಲು ಕಲೆಯ ಅಳತೆ ತೆಗೆಯಿರಿ

ಸುಗ್ಗಿಯ ದಿನಗಳಲ್ಲಿ ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಯ ವೇಬ್ರಿಡ್ಜ್‌ನಿಂದ ಫೋನ್ ಬಂತು. ಹಿಂದೆ ಲಾರಿಗಳ ಹಾರ್ನ್. "ಸರ್, ಹಿಂದಿನ ಲಾರಿ ತೂಕ ಇನ್ನಾ ಸ್ಕ್ರೀನ್ ಮ್ಯಾಲೆ ಚೂರು ಚೂರು ಕುಂತೈತ್ರಿ. ಹೊಸ ಅಂಕಿ ನಡುವ ಹಳೇ ಅಂಕಿ ಇಣುಕತಾವು" ಅಂದ ಕಾಟಾದ ಹುಡುಗ.

ಆ ಸ್ಕ್ರೀನ್ ಓಡಿಸುವುದು ಆರ್ಮ್ ಪ್ರೊಸೆಸರ್ ಇರುವ ಒಂದು ಚಿಕ್ಕ ಕಂಪ್ಯೂಟರ್ ಬೋರ್ಡ್. ಅದರ ಲಿನಕ್ಸ್ ಗ್ರಾಫಿಕ್ಸ್ ಡ್ರೈವರ್ ನೋಡಿಕೊಳ್ಳುವವನು ನಾನು, ಬಳ್ಳಾರಿಯಲ್ಲಿ ಕೂತು. ಎರಡು ದಿನದ ಹಿಂದಷ್ಟೇ ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಕಳಿಸಿದ್ದೆ. ಅದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಒಂದೇ: ಡ್ರೈವರ್ ತನಗಾಗಿ ಬರೆದುಕೊಂಡಿದ್ದ ಮೆಮೊರಿ ಮ್ಯಾಪಿಂಗ್ ಕೋಡನ್ನು ಕಿತ್ತುಹಾಕಿ, ಆ ಕೆಲಸವನ್ನು ಕರ್ನಲ್‌ನ ಸಾಮಾನ್ಯ ಜೆಮ್ ಶೇರ್ಡ್ ಮೆಮೊರಿ ಹೆಲ್ಪರ್‌ಗೆ ಒಪ್ಪಿಸಿದ ರಿಫ್ಯಾಕ್ಟರ್ (ಕೆಲಸ ಬದಲಿಸದೆ ಕೋಡನ್ನು ಮರುಜೋಡಿಸುವುದು). ಜೆಮ್ ಅಂದರೆ ಕರ್ನಲ್‌ನಲ್ಲಿ ಗ್ರಾಫಿಕ್ಸ್ ಮೆಮೊರಿಯ ಲೆಕ್ಕ ಇಡುವ ಭಾಗ, ಹೆಲ್ಪರ್ ಅಂದರೆ ಹಲವು ಡ್ರೈವರ್‌ಗಳು ಹಂಚಿಕೊಳ್ಳುವ ಸಿದ್ಧ ಕೋಡ್. ಪ್ಯಾಚಿನ (ಕೋಡಿನ ತಿದ್ದುಪಡಿಯ) ಮೇಲೆ "ನಡವಳಿಕೆಯಲ್ಲಿ ಬದಲಾವಣೆ ಇಲ್ಲ" ಎಂದು ಬರೆದಿತ್ತು. ಅದನ್ನು ಓದಿ ಒಪ್ಪಿಗೆ ಹಾಕಿದವನೂ ನಾನೇ.

ಮ್ಯಾಪಿಂಗ್ ಅಂದರೆ ಏನು ಅಂತ ಹೊಸಬರು ಕೇಳಿದರೆ ನಾನು ಪಹಣಿ ನೆನಪಿಸುತ್ತೇನೆ. ಹೊಲ ಇದ್ದಲ್ಲೇ ಇರುತ್ತದೆ. ಯಾವ ಸರ್ವೆ ನಂಬರ್ ಯಾವ ಹೊಲದ್ದು, ಅದು ಖುಷ್ಕಿಯೋ ನೀರಾವರಿಯೋ, ಮೇಲೆ ಯಾರ ಋಣ ಇದೆ ಎಂಬುದು ಕಾಗದದಲ್ಲಿರುತ್ತದೆ. ಮೆಮೊರಿಯಲ್ಲೂ ಹಾಗೇ. ಪ್ರೋಗ್ರಾಮಿನ ಕೈಯಲ್ಲಿರುವುದು ಒಂದು ವಿಳಾಸ. ಅದರ ಹಿಂದೆ ಯಾವ ಪುಟ (ಮೆಮೊರಿಯ ನಿಗದಿತ ಗಾತ್ರದ ತುಂಡು) ಇದೆ, ಆ ಪುಟವನ್ನು ಕ್ಯಾಶ್ ಮಾಡಬಹುದೇ (ಪ್ರೊಸೆಸರ್ ತನ್ನ ಪಕ್ಕದ ಚಿಕ್ಕ, ಚುರುಕು ಮೆಮೊರಿಯಲ್ಲಿ ನಕಲು ಇಟ್ಟುಕೊಳ್ಳಬಹುದೇ), ಅದನ್ನು ಇನ್ನೂ ಎಷ್ಟು ಜನ ಹಿಡಿದಿದ್ದಾರೆ ಎಂಬುದು ಪೇಜ್ ಟೇಬಲ್‌ನಲ್ಲೂ ಡ್ರೈವರ್‌ನ ಲೆಕ್ಕದಲ್ಲೂ ಇರುತ್ತದೆ. ರಿಫ್ಯಾಕ್ಟರ್ ಅಂದರೆ ಆ ಪಹಣಿಯನ್ನು ಹೊಸ ವಹಿಗೆ ನಕಲು ಮಾಡುವುದು. ಸರ್ವೆ ನಂಬರ್ ತಪ್ಪುವುದು ಕಡಿಮೆ, ಅದು ಕಣ್ಣಿಗೆ ಹೊಡೆಯುತ್ತದೆ. ಬಿಟ್ಟುಹೋಗುವುದು ಷರಾ ಕಾಲಂ.

ಹೀಗೆ ಬಿಟ್ಟುಹೋದದ್ದು ಸ್ಕ್ರೀನ್ ಮೇಲೆ ತನ್ನದೇ ಆಕಾರದಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಕೋಡ್ ತೆರೆಯುವ ಮೊದಲು ಕಲೆ ಎಷ್ಟು ಪಿಕ್ಸೆಲ್ ಅಗಲ, ಎಷ್ಟು ಸಾಲು ಎತ್ತರ ಅಂತ ಅಳೆಯಿರಿ. ಕೆಳಗಿನದೆಲ್ಲ ಅದೇ ಕ್ರಮದಲ್ಲಿದೆ.

## ಮೊದಲು, ದುಡ್ಡು ಖರ್ಚಿಲ್ಲದ ತಪಾಸಣೆ

ಬಳ್ಳಾರಿ, ರಾಯಚೂರು ಕಡೆ ಏಪ್ರಿಲ್-ಮೇನಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ತಗಡಿನ ಕಾಟಾ ರೂಮಿನೊಳಗೆ, ಮುಚ್ಚಿದ ಡಬ್ಬಿಯಲ್ಲಿ, ಬೋರ್ಡಿನ ಗತಿ ಏನು ಯೋಚಿಸಿ. ಎಷ್ಟೋ ಬೋರ್ಡ್‌ಗಳು ಚಿಪ್ಪಿನ ಬಿಸಿ 80-85 ಡಿಗ್ರಿ ಆಸುಪಾಸಿಗೆ ಬಂದ ಕೂಡಲೇ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಸ್ಕ್ರೀನ್ ನಿಧಾನವಾಯಿತು ಎಂದಾಗ ಇದನ್ನು ಮರೆತು ಪ್ಯಾಚನ್ನು ಬೈಯಬೇಡಿ. ಗಿರಣಿಯಲ್ಲಾದರೆ ಹೊಟ್ಟಿನ ಧೂಳು, ಸಂಡೂರು ರಸ್ತೆಯಲ್ಲಾದರೆ ಅದಿರಿನ ಕೆಂಪು ಧೂಳು ಫ್ಯಾನಿಗೆ ಮೆತ್ತಿರುತ್ತದೆ. ಪವರ್ ಆಫ್ ಮಾಡಿ, ಪ್ಲಗ್ ಕಿತ್ತು, ಬ್ರಷ್‌ನಿಂದ ಒರೆಸಿ. ಅಡಾಪ್ಟರ್ ಬದಲಿಸಿ ನೋಡಿ. ಗಿರಣಿಯ ಮೋಟಾರ್ ಚಾಲೂ ಆದ ಕ್ಷಣಕ್ಕೇ ಸ್ಕ್ರೀನ್ ಕೆಡುತ್ತಿದ್ದರೆ ಅದು ವೋಲ್ಟೇಜ್ ಕತೆ. ಈ ಕೈಪಿಡಿ ಅಲ್ಲಿಗೇ ಮುಗಿಯಿತು, ಎಲೆಕ್ಟ್ರಿಷಿಯನ್ ಕರೆಸಿ.

ಆಮೇಲೆ ಕೇಬಲ್. ಎಚ್‌ಡಿಎಂಐ ಕೇಬಲ್ ಕೆಟ್ಟರೆ ಚುಕ್ಕೆಗಳು ಮಿಣುಕುತ್ತವೆ, ಕ್ಷಣಕ್ಕೊಂದು ಜಾಗ. ಮೆಮೊರಿಯ ತಪ್ಪು ಹಾಗಲ್ಲ. ಒಂದು ಕಡೆ ಕೂತರೆ ಯಾರಾದರೂ ಆ ಜಾಗಕ್ಕೆ ಹೊಸದಾಗಿ ಬರೆಯುವವರೆಗೆ ಅಲ್ಲೇ ಇರುತ್ತದೆ. ಇಷ್ಟು ತಿಳಿಯಲು ಫೋನಿನಲ್ಲಿ ಹತ್ತು ಸೆಕೆಂಡಿನ ವಿಡಿಯೊ ಸಾಕು.

ಸ್ಕ್ರೀನ್‌ಶಾಟ್ ಕೂಡ ತೆಗೆಯಿರಿ, ಆದರೆ ಇಲ್ಲೊಂದು ಮೋಸ ಇದೆ. "ಸ್ಕ್ರೀನ್‌ಶಾಟ್‌ನಲ್ಲಿ ಕಲೆ ಇಲ್ಲ, ಹಾಗಾದರೆ ಮಾನಿಟರ್ ಕೆಟ್ಟಿದೆ" ಅಂತ ಎಲ್ಲರೂ ತೀರ್ಮಾನಿಸುತ್ತಾರೆ. ನಾನೂ ಹಿಂದೊಮ್ಮೆ ಹಾಗೇ ತೀರ್ಮಾನಿಸಿ ಒಂದು ಮಾನಿಟರ್ ದಂಡ ಕಟ್ಟಿದ್ದೇನೆ. ಸ್ಕ್ರೀನ್‌ಶಾಟ್ ಓದುವುದು ಪ್ರೊಸೆಸರ್, ಅದು ಓದುವುದು ತನ್ನ ಕ್ಯಾಶ್ ಮೂಲಕ. ಡಿಸ್‌ಪ್ಲೇ ಯಂತ್ರಾಂಶ ಓದುವುದು ನೇರ ರ‍್ಯಾಮ್‌ನಿಂದ. ಹೊಸ ಅಂಕಿ ಇನ್ನೂ ಕ್ಯಾಶ್‌ನಲ್ಲೇ ಉಳಿದಿದ್ದರೆ ಪ್ರೊಸೆಸರ್‌ಗೆ ಹೊಸದು ಕಾಣುತ್ತದೆ, ಮಾನಿಟರ್‌ಗೆ ಹಳೆಯದು. ಆದ್ದರಿಂದ ಸ್ಕ್ರೀನ್‌ಶಾಟ್‌ನಲ್ಲಿ ಕಲೆ ಕಂಡರೆ ತಪ್ಪು ಮೆಮೊರಿಯಲ್ಲೇ ಇದೆ ಎಂದು ಧೈರ್ಯವಾಗಿ ಹೇಳಬಹುದು. ಕಾಣದಿದ್ದರೆ ಡ್ರೈವರ್ ನಿರಪರಾಧಿ ಎಂದು ಹೇಳಲು ಬರುವುದಿಲ್ಲ.

ಕೊನೆಯ ಅಗ್ಗದ ಪರೀಕ್ಷೆ: ಹಳೆಯ ಕರ್ನಲ್‌ನಿಂದ ಬೂಟ್ ಮಾಡಿ. ಅದನ್ನು ಬೂಟ್ ಮೆನುವಿನಿಂದ ಯಾವತ್ತೂ ಅಳಿಸಬೇಡಿ. ಅದೇ ಕೇಬಲ್, ಅದೇ ಬಿಸಿಲು, ಅದೇ ಕೆಲಸದಲ್ಲಿ ಹಳೆಯ ಕರ್ನಲ್ ಅರ್ಧ ದಿನ ಸರಿಯಾಗಿ ಓಡಿದರೆ ಪ್ಯಾಚ್ ಮೇಲೆ ಸಂಶಯ ಇಡಿ. ಹಳೆಯದರಲ್ಲೂ ಕೆಟ್ಟರೆ ಕೋಡ್ ಮುಚ್ಚಿಡಿ, ಮೆಮ್‌ಟೆಸ್ಟರ್ ಹಾಕಿ ರ‍್ಯಾಮ್ ಪರೀಕ್ಷಿಸಿ.

ಕಾಟಾದವರಿಗೆ ಒಂದು ಮಾತು. ತೂಕದ ಇಂಡಿಕೇಟರ್ ಡಬ್ಬಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ. ಸ್ಕ್ರೀನ್ ಕೆಟ್ಟಿತೆಂದು ಅದರ ಸೀಲ್ ಮುಟ್ಟಬೇಡಿ, ಅದು ಅಪರಾಧ. ಸ್ಕ್ರೀನ್ ಸರಿಹೋಗುವವರೆಗೆ ಇಂಡಿಕೇಟರ್‌ನ ಕೆಂಪು ಅಂಕಿ ನೋಡಿಯೇ ಚೀಟಿ ಬರೆಯಿರಿ.

## ಲಕ್ಷಣ: ಒಂದೇ ಸಾಲು ಎತ್ತರದ ಸಣ್ಣ ಗೀರುಗಳು, ಅದರಲ್ಲಿ ಹಳೆಯ ಚಿತ್ರ

ಗಂಗಾವತಿಯದು ಇದೇ. ಹುಡುಗನಿಗೆ 16 ಪಿಕ್ಸೆಲ್‌ಗೊಂದು ಗೆರೆ ಇರುವ ಕಪ್ಪು-ಬಿಳಿ ಪಟ್ಟಿಯ ಚಿತ್ರ ಕಳಿಸಿ, ಅದನ್ನು ಪೂರ್ತಿ ಸ್ಕ್ರೀನ್ ತೆರೆದು ಫೋಟೊ ಹೊಡೆಯಲು ಹೇಳಿದೆ. ಗೀರು ಎಲ್ಲೇ ಬಿದ್ದರೂ ಒಂದು ಪಟ್ಟಿಯ ಎಡ ಅಂಚಿನಲ್ಲಿ ಶುರುವಾಗಿ ಬಲ ಅಂಚಿನಲ್ಲಿ ಮುಗಿಯುತ್ತಿತ್ತು. ಕೆಲವು ಕಡೆ ಎರಡು ಮೂರು ಪಟ್ಟಿ ಅಂಟಿಕೊಂಡಿದ್ದವು, ಆದರೆ ಪಟ್ಟಿಯ ನಡುವೆ ತುಂಡಾದದ್ದು ಒಂದೂ ಇಲ್ಲ.

ಲೆಕ್ಕ ಸರಳ. ಈಗಿನ ಹೆಚ್ಚಿನ ಆರ್ಮ್ ಪ್ರೊಸೆಸರ್‌ಗಳಲ್ಲಿ ಒಂದು ಕ್ಯಾಶ್ ಲೈನ್, ಅಂದರೆ ಕ್ಯಾಶ್ ಒಂದು ಸಲಕ್ಕೆ ಎತ್ತಿಡುವ ತುಂಡು, 64 ಬೈಟ್. ಒಂದು ಪಿಕ್ಸೆಲ್‌ಗೆ 4 ಬೈಟ್ ಆದರೆ 16 ಪಿಕ್ಸೆಲ್. ಬಣ್ಣ 16 ಬಿಟ್‌ನದಾದರೆ ಗೀರು 32 ಪಿಕ್ಸೆಲ್ ಆಗುತ್ತದೆ. ಕಾರ್ಟೆಕ್ಸ್-ಎ9ರಂಥ ಹಳೆಯ ಚಿಪ್ಪಿನಲ್ಲಿ ಲೈನ್ 32 ಬೈಟ್, ಹಾಗಾಗಿ 8 ಪಿಕ್ಸೆಲ್. ಬಫರ್ (ಚಿತ್ರ ಹಿಡಿದಿಡುವ ಮೆಮೊರಿ) ಟೈಲ್ ರೂಪದಲ್ಲಿ, ಅಂದರೆ ಸಾಲಿನ ಬದಲು ಚೌಕ ಚೌಕವಾಗಿ ಜೋಡಿಸಿದ್ದರೆ ಮಾತ್ರ ಗೀರಿನ ಬದಲು ಪುಟ್ಟ ಚೌಕ ಕಾಣುತ್ತದೆ, ಪರೀಕ್ಷೆಗೆ ನೇರ ಸಾಲಿನ ಬಫರ್ ಬಳಸುವುದು ಒಳ್ಳೆಯದು.

ಇನ್ನೊಂದು ಗುರುತು ಇದೆ, ಅದು ಉಲ್ಟಾ ಅನ್ನಿಸುತ್ತದೆ. ಯಂತ್ರಕ್ಕೆ ಬೇರೆ ಭಾರದ ಕೆಲಸ ಕೊಡಿ, ಒಂದು ದೊಡ್ಡ ಫೈಲ್ ನಕಲು ಮಾಡಿ ಸಾಕು. ಗೀರುಗಳು ತಾವಾಗಿ ಮಾಯವಾಗುತ್ತವೆ. ಹೊಸ ಕೆಲಸ ಕ್ಯಾಶ್‌ಗೆ ನುಗ್ಗಿ ಹಳೆಯ ಲೈನ್‌ಗಳನ್ನು ರ‍್ಯಾಮ್‌ಗೆ ತಳ್ಳಿತಲ್ಲ, ಡಿಸ್‌ಪ್ಲೇಗೆ ಈಗ ಹೊಸದು ಸಿಕ್ಕಿತು. ಕೆಲಸ ಹೆಚ್ಚಿದಷ್ಟೂ ವಾಸಿಯಾಗುವ ರೋಗ ಬೇರೆ ಯಾವುದೂ ನನಗೆ ಗೊತ್ತಿಲ್ಲ. ಭಾರ ಬಿದ್ದಾಗ ಹೆಚ್ಚಾದರೆ ಅದು ಕ್ಯಾಶ್ ಅಲ್ಲ, ಮುಂದಿನ ಲಕ್ಷಣಗಳನ್ನು ನೋಡಿ.

ಇನ್ನು ಪ್ಯಾಚಿನಲ್ಲಿ ಏನು ಹುಡುಕಬೇಕು? ಎಂಮ್ಯಾಪ್ ಅಂದರೆ ಬಫರನ್ನು ಪ್ರೋಗ್ರಾಮಿನ ವಿಳಾಸಕ್ಕೆ ಹೊಂದಿಸುವುದು. ಇಂಥ ಡ್ರೈವರ್‌ನ ಹಳೆಯ ಎಂಮ್ಯಾಪ್ ಫಂಕ್ಷನ್‌ನಲ್ಲಿ ಪುಟವನ್ನು ರೈಟ್-ಕಂಬೈನ್ ಮಾಡುವ (ಕ್ಯಾಶ್‌ನಲ್ಲಿ ಇಡದೆ, ಬರೆದದ್ದನ್ನು ಒಟ್ಟುಗೂಡಿಸಿ ರ‍್ಯಾಮ್‌ಗೆ ಕಳಿಸುವ) ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ. ಅದು ಎಲ್ಲಿಗೆ ಹೋಯಿತು? ಶೇರ್ಡ್ ಮೆಮೊರಿ ಹೆಲ್ಪರ್ ತಾನಾಗಿ ಕೊಡುವುದು ಮಾಮೂಲು, ಕ್ಯಾಶ್ ಆಗುವ ಪುಟಗಳನ್ನು. ರೈಟ್-ಕಂಬೈನ್ ಬೇಕಿದ್ದರೆ ಡ್ರೈವರ್ ಬಫರ್ ಹುಟ್ಟುವಾಗಲೇ "ಮ್ಯಾಪ್ ಡಬ್ಲ್ಯುಸಿ" ಎಂಬ ಗುರುತನ್ನು ನಿಜ ಮಾಡಬೇಕು. ನಮ್ಮ ಪ್ಯಾಚ್ ಹಳೆಯ ಸಾಲು ತೆಗೆದಿತ್ತು, ಹೊಸ ಗುರುತು ಹಾಕಿರಲಿಲ್ಲ. ಅಳಿಸಿದ 140 ಸಾಲುಗಳ ಕೆಂಪಿನ ನಡುವೆ ಅದೊಂದು ಸಾಲು ನನ್ನ ಕಣ್ಣಿಗೆ ಬೀಳಲಿಲ್ಲ.

ಪ್ಯಾಚ್ ಬರೆದ ಹುಡುಗಿ ಪರೀಕ್ಷೆ ಮಾಡಿರಲಿಲ್ಲ ಅಂತಲ್ಲ. ಹೆಲ್ಪರ್ ದಾರಿಯನ್ನು ತನ್ನ ಲ್ಯಾಪ್‌ಟಾಪ್‌ನಲ್ಲಿ ದಿನವಿಡೀ ಓಡಿಸಿದ್ದಳು. ಆದರೆ ಅದು ಎಕ್ಸ್86 (ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್). ಅಲ್ಲಿ ಸಾಮಾನ್ಯವಾಗಿ ಸಾಧನಗಳು ಮೆಮೊರಿ ಓದುವಾಗ ಪ್ರೊಸೆಸರ್‌ನ ಕ್ಯಾಶನ್ನೂ ಇಣುಕಿ ನೋಡುತ್ತವೆ, ತಪ್ಪು ಹೊರಗೆ ಬರುವುದೇ ಇಲ್ಲ. ನಮ್ಮ ಬೋರ್ಡಿನ ಡಿಸ್‌ಪ್ಲೇಗೆ ಆ ಸೌಕರ್ಯ ಇಲ್ಲ. ಮ್ಯಾಪಿಂಗ್ ಪ್ಯಾಚನ್ನು ಎಕ್ಸ್86ರಲ್ಲಿ ಮಾತ್ರ ಪರೀಕ್ಷಿಸಿ ಕಳಿಸಿದರೆ ಈಗ ನಾನು ನೇರವಾಗಿ ವಾಪಸ್ ಕಳಿಸುತ್ತೇನೆ.

ಎಂಮ್ಯಾಪ್ ಸರಿಮಾಡಿದ ಮೇಲೆ ವಿಮ್ಯಾಪ್ ದಾರಿಯನ್ನೂ (ಅದೇ ಪುಟಗಳನ್ನು ಕರ್ನಲ್ ತನಗಾಗಿ ಮ್ಯಾಪ್ ಮಾಡಿಕೊಳ್ಳುವುದು) ನೋಡಿ. ಒಂದೇ ಪುಟವನ್ನು ಪ್ರೋಗ್ರಾಮ್ ರೈಟ್-ಕಂಬೈನ್ ಆಗಿ, ಕರ್ನಲ್ ಕ್ಯಾಶ್ ಆಗಿ ಹಿಡಿದರೆ ಎರಡೂ ಕಡೆಯವರಿಗೆ ಬೇರೆ ಬೇರೆ ಸತ್ಯ ಕಾಣುತ್ತದೆ. ಆರ್ಮ್‌ನಲ್ಲಿ ಅದು ಪ್ರೊಸೆಸರ್ ವಿನ್ಯಾಸದ ನಿಯಮಕ್ಕೇ ವಿರುದ್ಧ. ಗೀರು ಬೂಟ್ ಸಮಯದ ಅಕ್ಷರಗಳಲ್ಲಿ ಮಾತ್ರ ಕಂಡರೆ ವಿಮ್ಯಾಪ್ ಕಡೆಯೇ ಬೆರಳು ತೋರಿಸಿ.

## ಲಕ್ಷಣ: ಚಿತ್ರ ಸ್ವಚ್ಛ, ಆದರೆ ಎಳೆದಾಡುತ್ತದೆ

ಮೇಲಿನದಕ್ಕೆ ತಮ್ಮ. ಇಲ್ಲಿ ಗುರುತು ಅತಿಯಾಗಿ ಬಿದ್ದಿದೆ. ರೈಟ್-ಕಂಬೈನ್ ಮೆಮೊರಿಗೆ ಬರೆಯುವುದು ಚುರುಕು, ಅದರಿಂದ ಓದುವುದು ತೀರಾ ನಿಧಾನ. ಪ್ರೊಸೆಸರ್ ಓದಬೇಕಾದ ಬಫರ್‌ಗೂ, ಅಂದರೆ ಕ್ಯಾಮೆರಾ ಚಿತ್ರ, ಸ್ಕ್ರೀನ್‌ಶಾಟ್, ಸಾಫ್ಟ್‌ವೇರ್‌ನಲ್ಲಿ ಬೆರೆಸುವ ಚಿತ್ರಕ್ಕೂ ಅದೇ ಗುರುತು ಹಾಕಿಬಿಟ್ಟರೆ ಯಂತ್ರ ಮೊಣಕಾಲೂರುತ್ತದೆ. ಸ್ಕ್ರೀನ್‌ಶಾಟ್‌ಗೆ ಹಳೆಯ ಕರ್ನಲ್‌ನಲ್ಲಿ ಎಷ್ಟು ಹೊತ್ತು, ಹೊಸದರಲ್ಲಿ ಎಷ್ಟು ಹೊತ್ತು ಅಂತ ಗಡಿಯಾರ ಹಿಡಿಯಿರಿ. ವಿಡಿಯೊ ಸಲೀಸಾಗಿ ಓಡುತ್ತಿದ್ದು ಸ್ಕ್ರೀನ್‌ಶಾಟ್ ಮಾತ್ರ ಹತ್ತಾರು ಪಟ್ಟು ನಿಧಾನವಾಗಿದ್ದರೆ ಬೇರೆ ಸಾಕ್ಷಿ ಬೇಡ. ಎಲ್ಲವೂ ಒಂದೇ ಸಮ ನಿಧಾನವಾಗಿದ್ದರೆ ಮತ್ತೆ ಫ್ಯಾನ್ ನೋಡಿ.

## ಲಕ್ಷಣ: ದೊಡ್ಡ ತುಂಡುಗಳು ಅದಲುಬದಲು, ಅಥವಾ ಮೇಲೆ ಸರಿ ಕೆಳಗೆ ಕಸ

ಪುಟ ಅಂದರೆ 4096 ಬೈಟ್, 4 ಬೈಟ್‌ನ ಪಿಕ್ಸೆಲ್ ಆದರೆ 1024. ಅಗಲ 1024 ಇರುವ ಸ್ಕ್ರೀನ್‌ನಲ್ಲಿ ಒಂದು ಪುಟ ಸರಿಯಾಗಿ ಒಂದು ಸಾಲು. 1920ರ ಸ್ಕ್ರೀನ್‌ನಲ್ಲಿ ಒಂದು ಸಾಲು 7680 ಬೈಟ್, ಆದ್ದರಿಂದ ಪುಟದ ಅಂಚು ಸಾಲಿನಿಂದ ಸಾಲಿಗೆ ಮೆಟ್ಟಿಲಿನಂತೆ ಸರಿಯುತ್ತ ಹೋಗಿ, 15 ಪುಟ ಮುಗಿದಾಗ, ಅಂದರೆ 8 ಸಾಲಿಗೊಮ್ಮೆ, ಮೊದಲಿನ ಜಾಗಕ್ಕೆ ಬರುತ್ತದೆ. ಕೆಟ್ಟ ಜಾಗದಲ್ಲಿ 8 ಸಾಲಿಗೊಮ್ಮೆ ಮರುಕಳಿಸುವ ನಮೂನೆ ಕಂಡರೆ ಪುಟಗಳ ಜೋಡಣೆ ತಪ್ಪಿದೆ.

ಮೇಲಿನ ಭಾಗ ಸರಿಯಿದ್ದು ಒಂದು ಗೆರೆಯಿಂದ ಕೆಳಗೆ ಕಪ್ಪು ಅಥವಾ ಕಸ ಕಂಡರೆ ಸ್ಕ್ಯಾಟರ್ ಪಟ್ಟಿಯ (ಬಫರ್‌ನ ಚದುರಿದ ತುಂಡುಗಳ ಪಟ್ಟಿ) ಎಣಿಕೆ ನೋಡಿ. ಆ ಪಟ್ಟಿಯಲ್ಲಿ ಎರಡು ಎಣಿಕೆ ಇರುತ್ತವೆ: ಮೂಲದಲ್ಲಿ ಎಷ್ಟು ತುಂಡು ಇದ್ದವು, ಸಾಧನಕ್ಕೆ ಮ್ಯಾಪ್ ಮಾಡಿದ ಮೇಲೆ ಎಷ್ಟು ಉಳಿದವು. ಐಒಎಂಎಂಯು (ಸಾಧನಗಳು ಬಳಸುವ ವಿಳಾಸಗಳನ್ನು ಅನುವಾದಿಸುವ ಯಂತ್ರಾಂಶ) ಅಕ್ಕಪಕ್ಕದ ತುಂಡುಗಳನ್ನು ಬೆಸೆದರೆ ಎರಡನೆಯದು ಚಿಕ್ಕದಾಗುತ್ತದೆ. ಪ್ರೊಸೆಸರ್ ಕಡೆಯ ಪುಟಗಳನ್ನು ಸುತ್ತುವ ಲೂಪ್ ಆ ಚಿಕ್ಕ ಎಣಿಕೆ ಹಿಡಿದರೆ ಅರ್ಧಕ್ಕೇ ನಿಲ್ಲುತ್ತದೆ. ಇದು ನಮ್ಮೊಬ್ಬರ ತಪ್ಪಲ್ಲ. 2020ರಲ್ಲಿ ಕರ್ನಲ್‌ನ ಎಷ್ಟೋ ಗ್ರಾಫಿಕ್ಸ್ ಡ್ರೈವರ್‌ಗಳಲ್ಲಿ ಇದೇ ಗೊಂದಲವನ್ನು ಸಾಲು ಸಾಲು ಪ್ಯಾಚ್ ಹಾಕಿ ತಿದ್ದಿದರು. ಪ್ರೊಸೆಸರ್ ಪುಟಕ್ಕೊಂದು, ಸಾಧನದ ಪುಟಕ್ಕೊಂದು ಅಂತ ಬೇರೆ ಬೇರೆ ಲೂಪ್ ಮ್ಯಾಕ್ರೊಗಳು ಈಗ ಇವೆ. ಪ್ಯಾಚ್ ಕೈಯಾರೆ ಎಣಿಸುತ್ತಿದ್ದರೆ ಮ್ಯಾಕ್ರೊ ಬಳಸಲು ಹೇಳಿ. ಪರೀಕ್ಷೆಗೆ ಐಒಎಂಎಂಯು ಆಫ್ ಮಾಡಿ ಬೂಟ್ ಮಾಡಿ. ಕಸ ಹೋದರೆ ಎಣಿಕೆಯೇ ಕಾರಣ.

ಕಸದ ಜಾಗದಲ್ಲಿ ಬೇರೆ ಪ್ರೋಗ್ರಾಮಿನ ಕಿಟಕಿ ಅಥವಾ ಬೇರೆ ಬಳಕೆದಾರನ ಚಿತ್ರ ಕಂಡರೆ ಅಲ್ಲೇ ನಿಲ್ಲಿ. ಅದು ಅಂದಗೇಡಲ್ಲ, ಒಬ್ಬರ ಮೆಮೊರಿ ಇನ್ನೊಬ್ಬರಿಗೆ ಸೋರುತ್ತಿದೆ. ಆ ಯಂತ್ರವನ್ನು ಕೆಲಸದಿಂದ ತೆಗೆಯಿರಿ, ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ, ಕರ್ನಲ್ ಭದ್ರತಾ ತಂಡಕ್ಕೆ ಖಾಸಗಿಯಾಗಿ ತಿಳಿಸಿ.

ಚಿತ್ರವೆಲ್ಲ ಓರೆಯಾಗಿ ಸೀಳಿದಂತೆ ಕಂಡರೆ ಮ್ಯಾಪಿಂಗ್ ಬಿಡಿ. ಅದು ಸಾಲಿನ ಉದ್ದದ ಲೆಕ್ಕದ ತಪ್ಪು, ಮೋಡ್ ಹೊಂದಿಸುವ ಕೋಡಿನಲ್ಲಿದೆ.

## ಲಕ್ಷಣ: ಪ್ರೋಗ್ರಾಮ್ ತೆರೆದ ಕೂಡಲೇ ಬೀಳುತ್ತದೆ, ಅಥವಾ ಸಾವಿರಕ್ಕೊಮ್ಮೆ ಬೀಳುತ್ತದೆ

ಹೇಗೆ ಸತ್ತಿತು ಎಂಬುದು ಮುಖ್ಯ. ಸೆಗ್‌ಫಾಲ್ಟ್ ಅಂದರೆ ಆ ವಿಳಾಸಕ್ಕೆ ಪಹಣಿಯೇ ಇಲ್ಲ, ಅಥವಾ ಕಾಲಿಡುವ ಹಕ್ಕಿಲ್ಲ. ಬಸ್ ಎರರ್ ಅಂದರೆ ಪಹಣಿ ಇದೆ, ಹೊಲ ಇಲ್ಲ. ಮ್ಯಾಪಿಂಗ್ ರಿಫ್ಯಾಕ್ಟರ್ ಮಾಡಿದವರಿಗೆ ಸಿಗುವುದು ಹೆಚ್ಚಾಗಿ ಎರಡನೆಯದು.

ತೆರೆದ ಕೂಡಲೇ, ಪ್ರತಿ ಸಲ ಬಸ್ ಎರರ್ ಬಂದರೆ ಸುಳ್ಳು ಆಫ್‌ಸೆಟ್ ನೋಡಿ. ಜೆಮ್‌ನಲ್ಲಿ ಪ್ರೋಗ್ರಾಮ್ ಎಂಮ್ಯಾಪ್‌ಗೆ ಕೊಡುವ ಆಫ್‌ಸೆಟ್ ನಿಜವಾದ ದೂರವಲ್ಲ, ಯಾವ ಬಫರ್ ಎಂದು ಹುಡುಕಲು ಕೊಟ್ಟ ಟೋಕನ್. 64 ಬಿಟ್ ಯಂತ್ರದಲ್ಲಿ ಈ ಟೋಕನ್‌ಗಳು 4 ಜಿಬಿಯಿಂದ ಶುರು. ಬಫರ್ ಸಿಕ್ಕ ಮೇಲೆ ಟೋಕನ್ ಮರೆತು, ಬಫರ್‌ನ ಮೊದಲಿನಿಂದ ಎಣಿಸಬೇಕು. ಹಳೆಯ ಕೋಡ್ ಅದನ್ನು ಸೊನ್ನೆ ಮಾಡುತ್ತಿತ್ತು ಅಥವಾ ವಿಳಾಸದಿಂದ ಆರಂಭದ ವಿಳಾಸ ಕಳೆಯುತ್ತಿತ್ತು. ಹೊಸ ಫಾಲ್ಟ್ ಹ್ಯಾಂಡ್ಲರ್ (ಪ್ರೋಗ್ರಾಮ್ ಇನ್ನೂ ಕೂರಿಸದ ಪುಟ ಮುಟ್ಟಿದಾಗ ಅದನ್ನು ಕೂರಿಸುವ ಕೋಡ್) ಟೋಕನ್ನನ್ನೇ ಪುಟದ ನಂಬರ್ ಎಂದುಕೊಂಡರೆ ಬಫರ್‌ನಿಂದ ಎಷ್ಟೋ ಆಚೆಗೆ ಹೋಗಿ ನಿಲ್ಲುತ್ತದೆ.

ಸಾವಿರಕ್ಕೊಮ್ಮೆ ಬೀಳುವುದು ತಲೆನೋವಿನದು, ಇದಕ್ಕೆ ಎರಡು ವಾರ ಕಳೆದಿದ್ದೇನೆ. ಫಾಲ್ಟ್ ಹ್ಯಾಂಡ್ಲರ್ ಒಳಗೆ ಕೆಲಸ ನಡೆಯುವಾಗ ಸಿಗ್ನಲ್ ಬಂದರೆ "ಅಡ್ಡಿಯಾಯಿತು, ಮತ್ತೆ ಪ್ರಯತ್ನಿಸು" ಎಂಬ ಅರ್ಥದ ದೋಷಸಂಖ್ಯೆ ಬರುತ್ತದೆ. ಬೇರೆ ಥ್ರೆಡ್ (ಪ್ರೋಗ್ರಾಮಿನಲ್ಲಿ ಜೊತೆಗೇ ಓಡುವ ಇನ್ನೊಂದು ಎಳೆ) ಆಗಲೇ ಆ ಪುಟ ಕೂರಿಸಿದ್ದರೆ "ಜಾಗ ತುಂಬಿದೆ" ಎನ್ನುತ್ತದೆ. ಇವೆರಡೂ ದೋಷವೇ ಅಲ್ಲ, ಸುಮ್ಮನೆ ಹಿಂತಿರುಗಿದರೆ ಪ್ರೋಗ್ರಾಮ್ ಮತ್ತೆ ಬರುತ್ತದೆ. ಹಳೆಯ ಡ್ರೈವರ್‌ಗಳಲ್ಲಿ ಇದಕ್ಕೆಂದೇ ಒಂದು ಉದ್ದನೆಯ ಸ್ವಿಚ್ (ಯಾವ ದೋಷಸಂಖ್ಯೆಗೆ ಏನು ಮಾಡಬೇಕೆಂದು ವಿಂಗಡಿಸುವ ಕೋಡ್) ಇರುತ್ತಿತ್ತು. ಅದು ಕುರೂಪಿ, ನಿಜ. ಅಂದಗೊಳಿಸಲು ಹೋದವರು "ಸೊನ್ನೆಯಲ್ಲದಿದ್ದರೆ ಬಸ್ ಎರರ್" ಎಂದು ಎರಡೇ ಸಾಲಿಗೆ ಇಳಿಸಿಬಿಡುತ್ತಾರೆ. ಪ್ರೋಗ್ರಾಮಿಗೆ ಒಂದೇ ಸಮ ಟೈಮರ್ ಸಿಗ್ನಲ್ ಹೊಡೆಯುತ್ತ ಬಫರ್ ಮ್ಯಾಪ್ ಮಾಡಿ ಮುಟ್ಟುವ ಪುಟ್ಟ ಪರೀಕ್ಷೆ ಬರೆಯಿರಿ. ಸಾವಿರಕ್ಕೊಮ್ಮೆ ಬರುತ್ತಿದ್ದುದು ನಿಮಿಷಕ್ಕೊಮ್ಮೆ ಬರುತ್ತದೆ.

ಎಂಮ್ಯಾಪ್ ಕರೆಯೇ "ಅಮಾನ್ಯ" ಎಂದು ಹಿಂತಿರುಗಿದರೆ ಪ್ರೋಗ್ರಾಮ್ ಖಾಸಗಿ ಮ್ಯಾಪಿಂಗ್ ಕೇಳುತ್ತಿದೆಯೇ ನೋಡಿ. ಬರೆದಾಗ ನಕಲಾಗುವ ಮ್ಯಾಪಿಂಗ್‌ಗೆ ಹೆಲ್ಪರ್ ಒಪ್ಪುವುದಿಲ್ಲ, ಹಂಚಿಕೊಂಡ ಮ್ಯಾಪಿಂಗ್ ಕೇಳಬೇಕು. ಇಲ್ಲಿ ತಿದ್ದಬೇಕಾದ್ದು ಪ್ರೋಗ್ರಾಮನ್ನು.

## ಲಕ್ಷಣ: ಬೆಳಿಗ್ಗೆ ಚೆನ್ನಾಗಿರುತ್ತದೆ, ಸಂಜೆ ಹೊತ್ತಿಗೆ ತೆವಳುತ್ತದೆ

"ಆಫ್ ಮಾಡಿ ಆನ್ ಮಾಡಿದ್ರ ಸರಿಹೋಗ್ತೈತ್ರಿ" ಎಂದು ಗಿರಾಕಿ ಹೇಳಿದರೆ ಸೋರಿಕೆ ಇದೆ ಎಂದು ಬರೆದುಕೊಳ್ಳಿ. 1920×1080ರ ಒಂದು ಬಫರ್ 82,94,400 ಬೈಟ್, ಹತ್ತಿರ ಹತ್ತಿರ 8 ಎಂಬಿ. ಒಂದೊಂದು ಸಲ ಕಿಟಕಿ ತೆರೆದು ಮುಚ್ಚಿದಾಗ ಒಂದು ಉಳಿದರೂ ನೂರು ಲಾರಿಗೆ 800 ಎಂಬಿ. 1 ಜಿಬಿಯ ಬೋರ್ಡ್ ಸಂಜೆಯವರೆಗೆ ಬಾಳಿದ್ದೇ ದೊಡ್ಡದು.

ಮೆಮೊರಿ ಮಾಹಿತಿಯಲ್ಲಿ ಶೇರ್ಡ್ ಮೆಮೊರಿಯ ಅಂಕಿ ಬರೆದುಕೊಳ್ಳಿ. ಕಿಟಕಿಯನ್ನು ನೂರು ಸಲ ತೆರೆದು ಮುಚ್ಚುವ ಸ್ಕ್ರಿಪ್ಟ್ ಓಡಿಸಿ, ಪ್ರೋಗ್ರಾಮನ್ನು ಪೂರ್ತಿ ನಿಲ್ಲಿಸಿ, ಮತ್ತೆ ನೋಡಿ. ಅಂಕಿ ಇಳಿಯದಿದ್ದರೆ ಬಫರನ್ನು ಯಾರೋ ಇನ್ನೂ ಹಿಡಿದಿದ್ದಾರೆ. ಪ್ರೋಗ್ರಾಮ್ ನಿಂತ ಮೇಲೆ ಇಳಿದರೆ ತಪ್ಪು ಪ್ರೋಗ್ರಾಮಿನದು, ಡ್ರೈವರ್‌ನದಲ್ಲ.

ಡ್ರೈವರ್‌ನಲ್ಲಾದರೆ ಕಾರಣ ಸಾಮಾನ್ಯವಾಗಿ ಎರಡು ಸಲ ಎಣಿಸಿದ್ದು. ಎಂಮ್ಯಾಪ್ ಆದಾಗ ಬಫರ್ ಮೇಲೆ ಒಂದು ಹಿಡಿತವನ್ನು ಜೆಮ್‌ನ ಸಾಮಾನ್ಯ ಕೋಡ್ ತಾನೇ ತೆಗೆದುಕೊಳ್ಳುತ್ತದೆ. ಹಳೆಯ ಡ್ರೈವರ್ ತಾನೂ ಒಂದು ತೆಗೆದುಕೊಳ್ಳುತ್ತಿದ್ದರೆ, ಅದನ್ನು ಅಳಿಸದೆ ಹೆಲ್ಪರ್‌ಗೆ ಹೋದರೆ, ಬಿಡುವವನು ಒಬ್ಬ, ಹಿಡಿದವರು ಇಬ್ಬರು. ಹೊರಗಿನಿಂದ ಬಂದ ಬಫರ್‌ನದು ಇನ್ನೂ ನಾಜೂಕು. ಲಾರಿಯ ನಂಬರ್ ಪ್ಲೇಟ್ ತೆಗೆಯುವ ಕ್ಯಾಮೆರಾ ಚಿತ್ರ ಡಿಎಂಎ-ಬಫ್ (ಡ್ರೈವರ್‌ಗಳು ಬಫರ್ ಹಂಚಿಕೊಳ್ಳುವ ವ್ಯವಸ್ಥೆ) ಮೂಲಕ ಬರುತ್ತದೆ. ಅದರ ಎಂಮ್ಯಾಪ್ ಕೆಲಸವನ್ನು ಕ್ಯಾಮೆರಾ ಡ್ರೈವರ್‌ಗೇ ಒಪ್ಪಿಸಿದ ಮೇಲೆ ಜೆಮ್ ಹಿಡಿದಿದ್ದನ್ನು ಬಿಟ್ಟುಬಿಡಬೇಕು. ಬಿಡದಿದ್ದರೆ ಕ್ಯಾಮೆರಾ ಕಿಟಕಿ ತೆರೆದ ದಿನ ಮಾತ್ರ ಸೋರುತ್ತದೆ, ಉಳಿದ ದಿನ ಇಲ್ಲ. ವರದಿ ಮಾಡುವವರಿಗೆ "ಕ್ಯಾಮೆರಾ ಇತ್ತಾ?" ಎಂದು ಕೇಳಲು ಮರೆಯಬೇಡಿ. ಎಂಮ್ಯಾಪ್ ಅರ್ಧದಲ್ಲಿ ಸೋತಾಗ ಹಿಡಿತ ಬಿಡುವ ದಾರಿಯನ್ನೂ ಓದಿ, ಅಲ್ಲಿ ಯಾರೂ ಪರೀಕ್ಷೆ ಬರೆಯುವುದಿಲ್ಲ.

## ಲಕ್ಷಣ: ಎಲ್ಲ ಹೆಪ್ಪುಗಟ್ಟಿತು, ಅಥವಾ ಕರ್ನಲ್ ದಾಖಲೆಯಲ್ಲಿ ಊಪ್ಸ್ (ಕರ್ನಲ್‌ನ ಒಳದೋಷದ ವರದಿ)

ಇಲ್ಲಿಂದ ಮುಂದೆ ಗಿರಾಕಿಯ ಯಂತ್ರದಲ್ಲಿ ಪ್ರಯೋಗ ಬೇಡ. ಕರ್ನಲ್ ಮೆಮೊರಿ ಕೆಟ್ಟರೆ ಡಿಸ್ಕಿಗೆ ಏನು ಬರೆದೀತು ಹೇಳಲಾಗದು. ಹಳೆಯ ಕರ್ನಲ್‌ಗೆ ಮರಳಿಸಿ, ತೂಕದ ಡೇಟಾ ಬ್ಯಾಕಪ್ ತೆಗೆದಿಟ್ಟು, ಮುಂದಿನ ಪರೀಕ್ಷೆಯನ್ನು ನಿಮ್ಮ ಮೇಜಿನ ಮೇಲಿನ ಬೋರ್ಡಿನಲ್ಲಿ ಮಾಡಿ.

ಇನ್ನೊಂದು ಯಂತ್ರದಿಂದ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ದೂರದಿಂದ ಒಳಹೋಗುವ ದಾರಿ) ಹಾಕಿ. ಒಳಗೆ ಹೋಗಲು ಬಂದರೆ ಕರ್ನಲ್ ಬದುಕಿದೆ, ಹೆಚ್ಚಾಗಿ ಬೀಗಗಳು (ಒಂದು ಸಲಕ್ಕೆ ಒಬ್ಬರೇ ಮುಟ್ಟಲಿ ಎಂದು ಕೋಡ್ ಹಾಕುವ ಲಾಕ್‌ಗಳು) ಒಂದಕ್ಕೊಂದು ಕಚ್ಚಿಕೊಂಡಿವೆ. ಮ್ಯಾಪಿಂಗ್‌ನಲ್ಲಿ ಇದರ ದಾರಿ ಗೊತ್ತಿರುವಂಥದ್ದೇ. ಫಾಲ್ಟ್ ಹ್ಯಾಂಡ್ಲರ್ ಒಳಗೆ ಬರುವಾಗಲೇ ಪ್ರೋಗ್ರಾಮಿನ ಎಂಮ್ಯಾಪ್ ಬೀಗ ಹಿಡಿದಿರುತ್ತದೆ, ಆಮೇಲೆ ಬಫರ್‌ನ ಬೀಗ ಕೇಳುತ್ತದೆ. ಇನ್ನೊಂದು ಕಡೆ ಬಫರ್‌ನ ಬೀಗ ಹಿಡಿದುಕೊಂಡೇ ಪ್ರೋಗ್ರಾಮಿನ ಮೆಮೊರಿಯಿಂದ ಏನಾದರೂ ನಕಲು ಮಾಡಲು ಹೊರಟರೆ, ಆ ಪುಟ ಇಲ್ಲದಿದ್ದರೆ, ಅದು ಎಂಮ್ಯಾಪ್ ಬೀಗಕ್ಕೆ ಕಾಯುತ್ತದೆ. ಇಬ್ಬರೂ ಕಿರಿದಾದ ಸೇತುವೆಯ ಮೇಲೆ ಎದುರುಬದುರು ನಿಂತ ಲಾರಿಗಳು. ಲಾಕ್‌ಡೆಪ್ (ಬೀಗ ಹಿಡಿಯುವ ಕ್ರಮ ಪರೀಕ್ಷಿಸುವ ಸೌಲಭ್ಯ) ಆನ್ ಇರುವ ಕರ್ನಲ್ ಕಟ್ಟಿ ಸ್ವಲ್ಪ ಹೊತ್ತು ಓಡಿಸಿದರೆ ಡಿಕ್ಕಿ ಆಗುವ ಮೊದಲೇ ಅದು ದೂರು ಕೊಡುತ್ತದೆ.

ಎಸ್‌ಎಸ್‌ಎಚ್ ಕೂಡ ಸತ್ತಿದ್ದರೆ ಸೀರಿಯಲ್ ಕನ್ಸೋಲ್ (ಕರ್ನಲ್ ದಾಖಲೆಯನ್ನು ತಂತಿಯಲ್ಲಿ ಹೊರತರುವ ದಾರಿ) ಹಚ್ಚಿ ಕೊನೆಯ ಸಾಲುಗಳನ್ನು ಹಿಡಿಯಿರಿ, ಕಸಾನ್ (ಮೆಮೊರಿಯ ತಪ್ಪು ಬಳಕೆ ಹಿಡಿಯುವ ಸೌಲಭ್ಯ) ಹಾಕಿದ ಕರ್ನಲ್ ಕಟ್ಟಿ ಮತ್ತೆ ಓಡಿಸಿ. ಬಿಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದ್ದರೆ ಯಾರು ಹುಟ್ಟಿಸಿದರು, ಯಾರು ಬಿಟ್ಟರು, ಯಾರು ಮುಟ್ಟಿದರು ಎಂದು ಮೂವರ ಹೆಸರೂ ಹೇಳುತ್ತದೆ. ಇದು ಸೋರಿಕೆಯ ಉಲ್ಟಾ, ಹಿಡಿದವನು ಒಬ್ಬ, ಬಿಟ್ಟವರು ಇಬ್ಬರು.

ದಾಖಲೆಯಲ್ಲಿ ಐಒಎಂಎಂಯು ಫಾಲ್ಟ್ ಇದ್ದರೆ ಅದರ ವಿಳಾಸ ಓದಿ. ಸೊನ್ನೆಯ ಹತ್ತಿರ ಇದ್ದರೆ ಸಾಧನಕ್ಕೆ ವಿಳಾಸ ಕೊಟ್ಟೇ ಇಲ್ಲ. ಬಫರ್‌ನ ಕೊನೆಯ ಪುಟದ ಆಚೆ ಇದ್ದರೆ ಗಾತ್ರವನ್ನು ಪುಟಕ್ಕೆ ಸರಿಹೊಂದಿಸಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಸರಿಯಾಗಿದ್ದ ವಿಳಾಸವೇ ಆಗಿದ್ದರೆ ಸಾಧನ ಓದಿ ಮುಗಿಸುವ ಮೊದಲೇ ಮ್ಯಾಪ್ ಕಿತ್ತಿದ್ದೀರಿ, ಫೆನ್ಸ್‌ಗೆ (ಸಾಧನ ಕೆಲಸ ಮುಗಿಸಿತೆಂದು ತಿಳಿಸುವ ಗುರುತಿಗೆ) ಕಾಯುವ ಸಾಲು ಹುಡುಕಿ.

## ಯಾವ ಪ್ಯಾಚ್ ಎಂದು ಹಿಡಿಯುವುದು, ಮತ್ತೆ ಓದುವುದು

ಗಿಟ್ ಕೋಡಿನ ಬದಲಾವಣೆಗಳ (ಕಮಿಟ್‌ಗಳ) ಲೆಕ್ಕ ಇಡುತ್ತದೆ. ಅದರ ಬೈಸೆಕ್ಟ್, ಪ್ರತಿ ಸಲ ಅರ್ಧಕ್ಕೆ ಇಳಿಸುತ್ತ, ಸಾವಿರ ಕಮಿಟ್‌ಗಳನ್ನು ಹತ್ತು ಬೂಟ್‌ನಲ್ಲಿ ಸೋಸುತ್ತದೆ. ಆದರೆ ಅದು ಕೊನೆಗೆ ಎರಡು ಸಾವಿರ ಸಾಲಿನ ಒಂದೇ ರಿಫ್ಯಾಕ್ಟರ್ ಕಮಿಟ್ ತೋರಿಸಿದರೆ ಏನು ಬಂತು? ಕೋಡನ್ನು ಜಾಗ ಬದಲಿಸುವುದು ಒಂದು ಪ್ಯಾಚ್, ಹೆಲ್ಪರ್‌ಗೆ ಒಪ್ಪಿಸುವುದು ಇನ್ನೊಂದು, ಹೆಸರು ಬದಲಿಸುವುದು ಮತ್ತೊಂದು ಎಂದು ಒಡೆಯಿಸಿ. ಬರೆದವರಿಗೆ ಬೇಜಾರಾಗುತ್ತದೆ, ಆಗಲಿ.

ಓದುವಾಗ ನಾನು ಈಗ ಹಸಿರು (ಸೇರಿಸಿದ) ಸಾಲು ನೋಡುವುದಕ್ಕಿಂತ ಮೊದಲು ಕೆಂಪು (ಅಳಿಸಿದ) ಸಾಲು ನೋಡುತ್ತೇನೆ. ಜಾಗ ಬದಲಿಸಿದ ಸಾಲುಗಳಿಗೆ ಗಿಟ್ ಬೇರೆ ಬಣ್ಣ ಕೊಡುವಂತೆ ಮಾಡಿದರೆ, ನಿಜವಾಗಿ ಸತ್ತ ಸಾಲುಗಳು ಮಾತ್ರ ಉಳಿಯುತ್ತವೆ. ಅವನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ "ಈಗ ಇದನ್ನು ಯಾರು ಮಾಡುತ್ತಾರೆ" ಎಂದು ಬರೆಯುತ್ತೇನೆ. ಉತ್ತರ "ಹೆಲ್ಪರ್" ಎಂದಾದರೆ ಹೆಲ್ಪರ್‌ನ ಕೋಡ್ ತೆರೆದು ಆ ಸಾಲಿಗೆ ಬೆರಳಿಡುವವರೆಗೆ ಒಪ್ಪುವುದಿಲ್ಲ. ವಿಎಂಎ ಧ್ವಜಗಳು (ಪ್ರೋಗ್ರಾಮಿನ ಒಂದೊಂದು ಮ್ಯಾಪಿಂಗ್‌ಗೆ ಅಂಟಿಸಿದ ಗುರುತುಗಳು) ಅದರಲ್ಲಿ ಮುಖ್ಯ. 2023ರ 6.3 ಕರ್ನಲ್‌ನಿಂದ ಅವನ್ನು ನೇರ ಬರೆಯಲು ಬಿಡುವುದಿಲ್ಲ, ಅದಕ್ಕೆಂದೇ ಇರುವ ಫಂಕ್ಷನ್ ಕರೆಯಬೇಕು. ಹಳೆಯ ಕರ್ನಲ್‌ನಿಂದ ಡ್ರೈವರ್ ಎತ್ತಿ ತರುವಾಗ ಕಂಪೈಲ್ ಆಗಲಿ ಎಂದು ಸಾಲನ್ನೇ ತೆಗೆದುಬಿಟ್ಟವರನ್ನು ನೋಡಿದ್ದೇನೆ.

## ಎಲ್ಲಿ ಕೈಬಿಡಬೇಕು, ಏನು ಕಳಿಸಬೇಕು

ನೀವು ಕೋಡ್ ಬರೆಯುವವರಲ್ಲದಿದ್ದರೆ ಹಳೆಯ ಕರ್ನಲ್ ಬೂಟ್ ಮಾಡಿದಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಅಡಾಪ್ಟರ್, ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬಿ), ಮಾನಿಟರ್ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯುತ್ತದೆ.

ವರದಿಯಲ್ಲಿ ಎರಡೂ ಕರ್ನಲ್‌ಗಳ ಆವೃತ್ತಿ, ಸ್ಕ್ರೀನ್‌ನ ಅಗಲ-ಎತ್ತರ, ಬಣ್ಣದ ಬಿಟ್, ಚಿಪ್ಪಿನ ಬಿಸಿ, ಕೆಟ್ಟ ಹೊತ್ತಿನ ಪೂರ್ತಿ ಕರ್ನಲ್ ದಾಖಲೆ ಇರಲಿ. ಕೊನೆಯ ಹತ್ತು ಸಾಲು ಕತ್ತರಿಸಿ ಕಳಿಸಬೇಡಿ, ಕಾರಣ ಹೆಚ್ಚಾಗಿ ಅದರ ಮೇಲೇ ಇರುತ್ತದೆ. ಸ್ಕ್ರೀನ್‌ಶಾಟ್ ಮತ್ತು ಫೋನಿನ ಫೋಟೊ ಎರಡೂ ಬೇಕು, ಫೋಟೊ ಪಟ್ಟಿಯ ಚಿತ್ರದ ಮೇಲೆ, ನೇರ ಎದುರಿನಿಂದ. ಗಂಗಾವತಿಯ ಹುಡುಗ ಮೂರು ಫೋಟೊ ಕಳಿಸಿದ್ದ. ಎರಡರಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮೂರನೆಯದಕ್ಕೆ ಲೈಟ್ ಆರಿಸಿ, ಬಾಗಿಲಿಗೆ ಗೋಣಿಚೀಲ ಅಡ್ಡ ಕಟ್ಟಿದ್ದನಂತೆ. ಅದರಲ್ಲಿ ಗೀರು ಎರಡು ಗೆರೆಗಳ ನಡುವೆ ಅಳೆದಿಟ್ಟಂತೆ ಕೂತಿತ್ತು.